ಅಳೆಯದೆ ಮಾಡಿದ ಪೆಟ್ಟಿಗೆ

ತೊರೆಯ ದಂಡೆಯಿಂದ ಕಡಿದು ತಂದ ಬಿದಿರುಗಡ್ಡಿಯನ್ನು ಓಬೆಡ್ ಪೆಟ್ಟಿಗೆಯೊಳಗೆ ಉದ್ದಕ್ಕೆ ಮಲಗಿಸಿ, ಹೆಚ್ಚಾದದ್ದನ್ನು ಚಾಕುವಿನಿಂದ ಕತ್ತರಿಸಿ ಎಸೆದ. ಮಾಡಿದ್ದು ಇಷ್ಟೇ. ಆದರೂ ಚಾಕು ಮಡಚಿ ಜೇಬಿಗೆ ಹಾಕಿಕೊಳ್ಳುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದ. ಯಾರೂ ಇರಲಿಲ್ಲ. ಚಪ್ಪರದ ಆಚೆ ಹತ್ತಿ ಹೊಲ, ಹೊಲದ ಆಚೆ ತೊರೆಯ ಮರಗಳ ಸಾಲು, ಅದರ ಮೇಲೆ ಶನಿವಾರದ ಎಳೆ ಬಿಸಿಲು. ಮೂವತ್ತು ವರ್ಷಗಳಿಂದ ಹಾರ್ಲೊ ಕೌಂಟಿಯ ಈ ಭಾಗದ ಕರಿಯರಲ್ಲಿ ಸತ್ತವರಿಗೆಲ್ಲ ಪೆಟ್ಟಿಗೆ ಮಾಡಿದ್ದು ಈ ಕೈಗಳೇ. ಒಡೆಯರ ಕಾಲದಲ್ಲಿ ಒಡೆಯರ ಹಲಗೆ, ಗುಲಾಮಗಿರಿಯಿಂದ ಬಿಡುಗಡೆಯಾದ ಈ ಒಂಬತ್ತು ವರ್ಷ ತನ್ನ ಹಲಗೆ. ಸತ್ತವನ ಮನೆಗೆ ಹೋಗಬೇಕು, ನೆತ್ತಿಯಿಂದ ಹಿಮ್ಮಡಿಯವರೆಗೆ ಕಡ್ಡಿ ಹಿಡಿದು ಅಳೆಯಬೇಕು, ಕಡ್ಡಿಗೆ ತಕ್ಕಂತೆ ಹಲಗೆ ಕೊಯ್ಯಬೇಕು, ಕೊನೆಗೆ ಆ ಕಡ್ಡಿಯನ್ನು ಸತ್ತವನ ಮಗ್ಗುಲಲ್ಲೇ ಇಟ್ಟು ಮೊಳೆ ಹೊಡೆಯಬೇಕು. ಅಳತೆಗಡ್ಡಿ ಮಣ್ಣಿನ ಮೇಲೆ ಉಳಿದರೆ ಅದು ಇನ್ನೊಬ್ಬನನ್ನು ಹುಡುಕಿಕೊಂಡು ಹೋಗುತ್ತದೆಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ. ಬದುಕಿರುವವನನ್ನು ಬಡಗಿ ಕಣ್ಣಿನಲ್ಲಿ ಅಳೆಯುವುದಂತೂ ಕೊಲೆಗೆ ಸಮ ಎಂದೂ ಹೇಳಿದ್ದ. ಈ ಸಲ ಎಲ್ಲ ತಿರುಗುಮುರುಗಾಗಿತ್ತು. ಪೆಟ್ಟಿಗೆ ಮೊದಲು ಆಗಿತ್ತು, ಕಡ್ಡಿ ಆಮೇಲೆ. ಟೈಟಸ್ ರಕರ್‌ನನ್ನು ಅವನು ಅಳೆದೇ ಇರಲಿಲ್ಲ.

ಅಳೆಯುವುದೇನಿದೆ, ಗೊತ್ತಿದ್ದ ಹುಡುಗ, ಕಣ್ಣೆದುರೇ ಬೆಳೆದವನು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಟೈಟಸ್‌ನ ತೊಟ್ಟಿಲು ಮಾಡಿದ್ದೂ ತಾನೇ. ಆದರೆ ಆ ಸಮಾಧಾನ ಮುಗಿಯುವುದರೊಳಗೆ ನಿನ್ನೆಯ ಕುದುರೆಗಳ ಬೆವರಿನ ವಾಸನೆ ಮೂಗಿಗೆ ಬಂತು. ಬಿಸಿಲು ಚಪ್ಪರದ ಕಂಬದ ಬುಡಕ್ಕೆ ಬಂದ ಹೊತ್ತು. ಮೂರು ಕುದುರೆಗಳು. ಮುಂದಿನದರ ಮೇಲೆ ಹಾರ್ಡ್‌ವಿಕ್ ಧಣಿ. ಓಬೆಡ್ ಹುಟ್ಟಿದ್ದು ಇವನ ಅಪ್ಪನ ತೋಟದಲ್ಲಿ. ಇವನಿಗೆ ಮೊದಲ ಮರದ ಕುದುರೆ ಮಾಡಿಕೊಟ್ಟವನೂ ಓಬೆಡ್‌ನೇ. ತಲೆಯ ಟೋಪಿ ಯಾವಾಗ ಕೈಗೆ ಬಂತೋ ಓಬೆಡ್‌ಗೆ ತಿಳಿಯಲಿಲ್ಲ. ಅದು ಯಾವತ್ತೂ ತಿಳಿಯುತ್ತಿರಲಿಲ್ಲ.

"ಏನಪ್ಪಾ ಮುದುಕ, ಕೆಲಸ ಜೋರಾ?"

"ಧಣಿಗಳ ದಯ."

"ಟೈಟಸ್ ಇವತ್ತು ಪೇಟೆ ಗಿರಣಿಗೆ ಹತ್ತಿ ಹೊಡ್ಕೊಂಡು ಹೋಗ್ತಾನಂತೆ. ಯಾವ ದಾರಿ?"

"ತೊರೆ ಕಡವು ದಾಟಿ ಹೋಗ್ತಾನೆ ಧಣಿ. ಮಧ್ಯಾಹ್ನ ಊಟದ ಹೊತ್ತಿಗೆ."

ಹಾರ್ಡ್‌ವಿಕ್ ತಲೆಯಾಡಿಸಿದ. ಅಲ್ಲಿಗೆ ಮುಗಿದಿತ್ತು. ಅವನು ಲಗಾಮು ಎಳೆದು ಕುದುರೆ ತಿರುಗಿಸುತ್ತಿದ್ದ. ಆಗ ಓಬೆಡ್‌ನ ಬಾಯಿ ಇನ್ನೊಂದು ಮಾತು ಆಡಿತು. ಯಾರೂ ಕೇಳಿರಲಿಲ್ಲ. "ಒಬ್ಬನೇ ಇರ್ತಾನೆ, ಧಣಿ," ಎಂದಿತು.

ಆ ಮಾತು ಎಲ್ಲಿಂದ ಬಂತು ಎಂದು ಅವನು ರಾತ್ರಿಯಿಡೀ ಹುಡುಕಿದ್ದ. ಹುಡುಕಿದಾಗಲೆಲ್ಲ ಸಿಕ್ಕಿದ್ದು ಹಿಂದಿನ ಭಾನುವಾರದ ಚರ್ಚಿನ ಅಂಗಳ. ಹಂದಿಕೊಬ್ಬು ಹಾಕಿ ಬೇಯಿಸಿದ ಸೊಪ್ಪು, ಮುಸುಕಿನ ಜೋಳದ ರೊಟ್ಟಿ, ಮರದಡಿಯಲ್ಲಿ ಎಲೆಯ ನೆರಳು. ಟೈಟಸ್ ಬಂಡಿಯ ಮೇಲೆ ನಿಂತು ಮಾತಾಡುತ್ತಿದ್ದ. ಮುಂದಿನ ತಿಂಗಳು ಮತ ಹಾಕುವ ದಿನ ಒಬ್ಬೊಬ್ಬರಾಗಿ ಹೋಗಬೇಡಿ, ಎಲ್ಲ ಒಟ್ಟಿಗೆ ಹೋಗೋಣ, ಮತದಾರರ ಪಟ್ಟಿಗೆ ಹೆಸರು ಬರೆಸಿದ ಐವತ್ತೆರಡು ಜನವೂ ಒಟ್ಟಿಗೆ. ಅಷ್ಟರಲ್ಲಿ ರಸ್ತೆಯಲ್ಲಿ ಯಾರದೋ ಕುದುರೆ ಹಾದುಹೋಯಿತು. ಓಬೆಡ್‌ನ ಕೈ ತಲೆಗೆ ಹೋಯಿತು. ಸವಾರನಿಲ್ಲದ ಕುದುರೆ ಅದು, ಕಟ್ಟು ಬಿಚ್ಚಿಕೊಂಡು ಓಡಿಬಂದದ್ದು. ಟೈಟಸ್ ಮಾತು ನಿಲ್ಲಿಸಿ ನಕ್ಕ. "ನೋಡ್ರಪ್ಪಾ, ನಮ್ಮ ಓಬೆಡ್ ಮಾವನ ಟೋಪಿ ಎಷ್ಟು ಸಂಭಾವಿತ! ಧಣಿ ಬೇಕಾಗಿಲ್ಲ, ಧಣಿ ಕುದುರೆ ಸಾಕು. ನಾಳೆ ದಾರೀಲಿ ಬರೀ ಲದ್ದಿ ಕಂಡ್ರೂ ಇಳಿದುಬಿಡುತ್ತೆ!" ಜನ ಬಿದ್ದು ಬಿದ್ದು ನಕ್ಕರು. ಪಾದ್ರಿಯ ಹೆಂಡತಿ ಅಂಗೈಗೆ ಬಾಯಿ ಒತ್ತಿಕೊಂಡು ನಕ್ಕಳು. ಓಬೆಡ್ ಕೂಡ ನಕ್ಕ. ಟೋಪಿಯನ್ನು ಮತ್ತೆ ತಲೆಗೆ ಹಾಕಬೇಕೋ ಬೇಡವೋ ತಿಳಿಯದೆ ಅದನ್ನು ಹೊಟ್ಟೆಗೆ ಒತ್ತಿಕೊಂಡು ರೊಟ್ಟಿ ತಿಂದ. ಟೈಟಸ್ ಆಮೇಲೆ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, "ಬೇಜಾರಾಯ್ತಾ ಮಾವ? ನಿನ್ನ ಬಿಟ್ರೆ ಇನ್ಯಾರನ್ನ ರೇಗಿಸ್ಲಿ ನಾನು," ಎಂದಿದ್ದ. ಆ ಕೈಯ ಭಾರ ಇನ್ನೂ ಅಲ್ಲೇ ಇತ್ತು, ಎಡಭುಜದ ಮೇಲೆ.

ಅಷ್ಟು ಸಣ್ಣ ವಿಷಯಕ್ಕೆ? ಇಲ್ಲ, ಅದಕ್ಕಲ್ಲ. ಅವರು ಸುಮ್ಮನೆ ಹೆದರಿಸಲು ಹೋಗುತ್ತಿದ್ದಾರೆ ಎಂದುಕೊಂಡೆ, ನಾಲ್ಕು ಬೈದು ಬಿಡುತ್ತಾರೆ ಎಂದುಕೊಂಡೆ. ಹೀಗೆ ಅವನು ತನ್ನ ಮನಸ್ಸಿನ ಕಟಕಟೆಯಲ್ಲಿ ನಿಂತು ಹೇಳಿಕೆ ಕೊಡುವಾಗಲೆಲ್ಲ ಕೈಗಳು ಎದ್ದು ಬಂದು ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ಕುದುರೆಗಳು ತಿರುವಿನಲ್ಲಿ ಮರೆಯಾದ ಮೇಲೆ ಹೊಲ ಅಡ್ಡ ಹಾದು ಓಡಿದ್ದರೆ ಕಡವು ಅರ್ಧ ಮೈಲಿ. ನಡೆದಿದ್ದರೂ ಸಾಲುತ್ತಿತ್ತು, ಮಧ್ಯಾಹ್ನಕ್ಕೆ ಇನ್ನೂ ಎರಡು ಗಂಟೆಯಿತ್ತು. ಅವನು ಓಡಲಿಲ್ಲ. ಗೋಡೆಗೆ ಒರಗಿಸಿದ್ದ ಪೈನ್ ಹಲಗೆಗಳಲ್ಲಿ ಗಂಟಿಲ್ಲದ ನಾಲ್ಕನ್ನು ಆರಿಸಿ ಕೀಸುಳಿ ಹಿಡಿದು ನಿಂತ. ಯಾರ ಮನೆಯ ಬಾಗಿಲಿಗೆ, ಯಾರ ಮೇಜಿಗೆ ಎಂದು ಯೋಚಿಸಲಿಲ್ಲ. ಭುಜದ ಹತ್ತಿರ ಅಗಲವಾಗಿ ಕಾಲಿನ ಕಡೆ ಕಿರಿದಾಗುವಂತೆ ಗೆರೆ ಎಳೆದ. ಹಾಗೆ ಗೆರೆ ಎಳೆಯುವುದು ಒಂದೇ ಕೆಲಸಕ್ಕೆ. ಮರದ ಸುರುಳಿಗಳು ಮೊಣಕಾಲಿನವರೆಗೆ ಬಿದ್ದವು. ಗುಂಡಿನ ಸದ್ದು ಅವನಿಗೆ ಕೇಳಲಿಲ್ಲ, ಕೀಸುವ ಸದ್ದು ಜೋರಾಗಿತ್ತು.

ಟೈಟಸ್‌ನ ತಂಗಿಯ ಗಂಡ ಐಸಮ್ ಹೊತ್ತು ಇಳಿಯುವಾಗ ಓಡಿಬಂದಿದ್ದ. ಅಂಗಿಯ ತುಂಬ ಅವನದಲ್ಲದ ರಕ್ತ. "ಟೈಟಸ್‌ನ ಹೊಡೆದುಹಾಕಿದ್ರು ಓಬೆಡಣ್ಣ. ಕಡವಿನಲ್ಲಿ. ಬೆನ್ನಿಗೆ. ಅಳೆಯೋಕೆ ಬಾ," ಎಂದವನು ಚಪ್ಪರದ ಕೆಳಗೆ ನೋಡಿದ. ಪೆಟ್ಟಿಗೆಯ ಎರಡು ಮಗ್ಗುಲು ಆಗಲೇ ನಿಂತಿದ್ದವು. "ಇದ್ಯಾರಿಗೆ?"

ಓಬೆಡ್ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿದ್ದರಿಂದ ಉತ್ತರ ತಡವಾಯಿತು.

"ಸುದ್ದಿ ನನಗಿಂತ ಮುಂಚೆ ಬಂತೇನಣ್ಣಾ?"

"ಹೂಂ. ದಾರೀಲಿ ಹೋಗೋರು ಯಾರೋ ಹೇಳಿದ್ರು," ಎಂದ ಓಬೆಡ್. "ನೀನು ಹೋಗು. ನಾಳೆ ಬೆಳಿಗ್ಗೆ ಬಾ, ಹೊತ್ಕೊಂಡು ಹೋಗೋಣ. ಅವನ ಅಳತೆ ನಂಗೊತ್ತು." ಐಸಮ್ ಏನೋ ಕೇಳಲು ಬಾಯಿ ತೆರೆದವನು ದುಃಖ ಉಕ್ಕಿಬಂದು ಅಲ್ಲೇ ಮರದ ಸುರುಳಿಗಳ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಓಬೆಡ್‌ಗೆ ನೆಮ್ಮದಿಯಾಯಿತು. ಅಳುವವನು ಪ್ರಶ್ನೆ ಕೇಳುವುದಿಲ್ಲ. ಒಬ್ಬ ಅಳುವುದನ್ನು ನೋಡಿ ನೆಮ್ಮದಿಪಟ್ಟ ತನ್ನ ಮೇಲೆ ತನಗೇ ವಾಕರಿಕೆ ಬಂದದ್ದು ಆಮೇಲೆ.

ಈಗ ಐಸಮ್ ಮತ್ತೆ ಬಂದಿದ್ದ. ಅಂಗಿ ಬದಲಾಗಿತ್ತು, ಕಣ್ಣು ಊದಿತ್ತು. ಪೆಟ್ಟಿಗೆಯ ಒಂದು ತುದಿ ಅವನು, ಇನ್ನೊಂದು ತುದಿ ಓಬೆಡ್. ಕಡ್ಡಿ ಒಳಗೆ ಅತ್ತಿತ್ತ ಉರುಳಿ ಸಣ್ಣಗೆ ಸದ್ದು ಮಾಡುತ್ತಿತ್ತು. ಐಸಮ್ ಮುಂದೆ ನಡೆಯುತ್ತ, ತಿರುಗದೆಯೇ ಮಾತಾಡಿದ. ಸಂಜೆ ಪೇಟೆಯಿಂದ ಅಧಿಕಾರಿ ಬಂದು ಹೆಣ ನೋಡಿ 'ಯಾರೋ ಅಪರಿಚಿತರಿಂದ ಕೊಲೆ' ಎಂದು ಬರೆದುಕೊಂಡು, ಟೈಟಸ್‌ನ ತಾಯಿ ವೈನಿ ಅತ್ತೆಯ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು ಹೋದನಂತೆ. "ಇನ್ನೊಂದು ಮಾತು, ಅಣ್ಣ. ಹೂಳೋದು ನಾಳೆ ಭಾನುವಾರ, ಚರ್ಚಿನ ಹತ್ರ ಅಂತ ಹೊರಗೆಲ್ಲ ಹಬ್ಬಿಸಿದೀವಿ. ನಿಜ ಅಂದ್ರೆ ಇವತ್ತೇ. ಬಿಸಿಲು ನೆತ್ತಿಗೆ ಬಂದಾಗ, ಅತ್ತೆ ಮನೆ ಹಿಂದೆ ತೊರೆ ತಿರುಗೋ ಕಡೆ. ಹೆಸರು ಬರೆಸಿದೋರೆಲ್ಲ ಕಾಡೊಳಗಿಂದ ಒಬ್ಬೊಬ್ರೇ ಬರ್ತಾರೆ. ಅಷ್ಟೂ ಜನ ಒಂದೇ ಕಡೆ ಸಿಗ್ತಾರೆ ಅಂತ ಆ ಕುದುರೆಯೋರಿಗೆ ಗೊತ್ತಾದ್ರೆ..." ಅವನು ಮುಗಿಸಲಿಲ್ಲ. "ನಿನಗೆ ಹೇಳೋಕೆ ಏನು. ನೀನು ಮನೆಯೋನು."

ಓಬೆಡ್‌ಗೆ ಪೆಟ್ಟಿಗೆ ಕೈಜಾರಿದಂತಾಯಿತು. ಹೇಳಬೇಡ, ನನಗೆ ಏನೂ ಹೇಳಬೇಡ ಎಂದು ಕಿರುಚಬೇಕೆನಿಸಿತು. ಸುಮ್ಮನೆ ಕೈ ಬದಲಾಯಿಸಿಕೊಂಡ. ಕಡವಿನ ಕಡೆಯಿಂದ ಗಾಳಿ ಬರುತ್ತಿತ್ತು, ಗಾಳಿಯಲ್ಲಿ ಟೈಟಸ್ ನಕ್ಕಂತಿತ್ತು.

ವೈನಿಯ ಮನೆ ಒಂದೇ ಕೋಣೆಯದು. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದರು. ಟೈಟಸ್ ಎರಡು ಬೆಂಚುಗಳ ಮೇಲಿಟ್ಟ ಹಲಗೆಯ ಮೇಲೆ ಬಿಳಿಯ ದುಪ್ಪಟಿ ಹೊದ್ದು ಮಲಗಿದ್ದ. ಎದೆಯ ಮೇಲೆ ಒಂದು ತಟ್ಟೆ ಉಪ್ಪು. ಅವನ ತಂಗಿ ಮೂಲೆಯಲ್ಲಿ ಕೂತು ಮೈ ತೂಗುತ್ತಿದ್ದಳು. ವೈನಿ ತಲೆದೆಸೆಯಲ್ಲಿ ನೊಣ ಓಡಿಸುತ್ತ ನಿಂತಿದ್ದಳು. ಓಬೆಡ್‌ಗಿಂತ ಎರಡು ವರ್ಷ ದೊಡ್ಡವಳು, ಅದೇ ತೋಟದಲ್ಲಿ ಹುಟ್ಟಿದವಳು. ಗಂಡನನ್ನು ಒಡೆಯರು ಮಾರಿದ ದಿನ ಇವಳು ಅತ್ತದ್ದನ್ನು ಓಬೆಡ್ ಕಂಡಿದ್ದ. ಈಗ ಅವಳು ಅಳುತ್ತಿರಲಿಲ್ಲ. "ಬಾ ಓಬೆಡ್," ಎಂದಳು. "ನೀನು ಮಾಡಿದ ತೊಟ್ಟಿಲಲ್ಲಿ ಮಲಗಿದ್ದ, ನೀನು ಮಾಡಿದ್ರಲ್ಲೇ ಹೋಗ್ಲಿ." ಓಬೆಡ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಇಲ್ಲಿ ಟೋಪಿ ತೆಗೆಯುವುದು ಸರಿಯೇ, ಇಲ್ಲಿ ಯಾರೂ ನಗುವುದಿಲ್ಲ ಎಂದು ಅನಿಸಿದ್ದೇ ತಡ, ದುಪ್ಪಟಿಯ ಕೆಳಗೆ ನಗುವಿಗೆ ಎದೆ ಕುಲುಕಿದಂತೆ ಕಂಡು ಅವನು ಕಣ್ಣು ಮುಚ್ಚಿಕೊಂಡ.

ಇಬ್ಬರೂ ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದರು. ಭುಜ ಸರಿಯಾಗಿ ಕೂತಿತು. ಸೊಂಟ ಕೂತಿತು. ಕಾಲು ಕೂರಲಿಲ್ಲ. ಹಿಮ್ಮಡಿಗಳು ತುದಿಯ ಹಲಗೆಯ ಮೇಲೆ ನಿಂತವು, ಒಂದು ಗೇಣಿನಷ್ಟು ಆಚೆ. ಐಸಮ್ ತಲೆಯ ಕಡೆ ಸರಿಸಿ ನೋಡಿದ. ತಲೆ ಹಲಗೆಗೆ ತಾಗಿತು. ಇಷ್ಟು ಎತ್ತರವಿದ್ದನೇ ಇವನು? ಓಬೆಡ್‌ಗೆ ನಂಬಲಾಗಲಿಲ್ಲ. ಇಪ್ಪತ್ತಾರು ವರ್ಷ ನೋಡಿದ ಹುಡುಗ. ಆದರೆ ಯಾವತ್ತು ನೋಡಿದ್ದೆ? ಅವನು ಬಂಡಿಯ ಮೇಲೆ ನಿಂತಾಗ ನಾನು ನೆಲ ನೋಡುತ್ತಿದ್ದೆ. ಎದುರು ಬಂದಾಗ ಅವನ ಅಂಗಿಯ ಗುಂಡಿ ನೋಡುತ್ತಿದ್ದೆ. ತಲೆಯೆತ್ತಿ ಅವನ ಮುಖವನ್ನು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ತನಗೆ ಗೊತ್ತಿದ್ದ ಎತ್ತರ ಒಂದೇ, ತನ್ನದು.

"ಮೊಣಕಾಲು ಸ್ವಲ್ಪ ಬಗ್ಗಿಸಿದ್ರೆ..." ಎಂದ ಓಬೆಡ್. ಹೇಳಬಾರದಿತ್ತು ಎಂದು ಹೇಳುವಾಗಲೇ ಗೊತ್ತಾಯಿತು.

"ಏನಂದೆ?" ವೈನಿ ನೊಣ ಓಡಿಸುವುದನ್ನು ನಿಲ್ಲಿಸಿದಳು. "ನನ್ನ ಮಗ ಬಗ್ಗಿದ್ರೆ ಇವತ್ತು ಹೊಲದಲ್ಲಿರ್ತಿದ್ದ. ಈಗ ಸತ್ತ ಮೇಲೆ ಬಗ್ಗಿಸ್ತೀಯಾ?"

ಅವಳು ಕೈ ಹಾಕಿ ಮಗನ ಮಗ್ಗುಲಿನಿಂದ ಬಿದಿರುಗಡ್ಡಿಯನ್ನು ಎಳೆದಳು. ಅದನ್ನು ಅವನ ನೆತ್ತಿಯ ಹತ್ತಿರ ಹಿಡಿದು ಉದ್ದಕ್ಕೆ ಚಾಚಿದಳು. ಕಡ್ಡಿ ಕಣಕಾಲಿನ ಮೇಲೆಯೇ ಮುಗಿಯಿತು. ಎರಡನೆಯ ಸಲ ಹಿಡಿದಳು. ಆಮೇಲೆ ಓಬೆಡ್‌ನ ಹತ್ತಿರ ಬಂದು ಅವನ ಪಾದದ ಬಳಿ ಕಡ್ಡಿಯನ್ನು ನೆಲಕ್ಕೆ ಊರಿ ನಿಲ್ಲಿಸಿದಳು. ಕಡ್ಡಿಯ ತುದಿ ಅವನ ಬರಿದಲೆಗೆ ಸಮನಾಗಿ ನಿಂತಿತು.

"ಯಾರನ್ನ ಅಳೆದೆ, ಓಬೆಡ್?"

ಅವನು ನೆಲ ನೋಡಿದ.

"ಕೇಳಿದ್ದು ನಿನ್ನನ್ನೇ. ಯಾರನ್ನ ಅಳೆದೆ?"

"ಅಳೀಲಿಲ್ಲ."

"ನೀನು ಅಳೆಯದೆ ಹಲಗೆ ಮುಟ್ಟೋನಲ್ಲ."

"ಪೆಟ್ಟಿಗೆ ಮುಂಚೇನೇ... ಮುಂಚೇನೇ ಶುರು ಮಾಡಿದ್ದೆ."

"ಯಾವುದಕ್ಕಿಂತ ಮುಂಚೆ?"

ಮೂಲೆಯಲ್ಲಿದ್ದ ತಂಗಿ ತೂಗುವುದನ್ನು ನಿಲ್ಲಿಸಿದಳು. ಐಸಮ್‌ನ ಮುಖದಲ್ಲಿ ನಿನ್ನೆಯ ಪ್ರಶ್ನೆ ವಾಪಸು ಬಂದದ್ದು ಓಬೆಡ್‌ಗೆ ಕಾಣಿಸಿತು. ಇನ್ನೂ ಸುಳ್ಳು ಹೇಳಬಹುದಿತ್ತು. ಬೇರೆ ಯಾರಿಗೋ ಮಾಡಿಟ್ಟದ್ದು ಎನ್ನಬಹುದಿತ್ತು, ಕಣ್ಣು ಮಂಜಾಗಿದೆ ಎನ್ನಬಹುದಿತ್ತು. ಆದರೆ ಆ ಎರಡು ಹಿಮ್ಮಡಿಗಳು ಹಲಗೆಯ ಮೇಲೆ ನಿಂತು ಕಾಯುತ್ತಿದ್ದವು. ತೊಳೆದಿದ್ದರೂ ಬಿರುಕುಗಳಲ್ಲಿ ಕಡವಿನ ಕೆಂಪು ಮಣ್ಣು ಉಳಿದಿತ್ತು. ಅವನು ಆ ಮಣ್ಣನ್ನು ನೋಡುತ್ತ ಹೇಳಿದ. ಮೂರು ಕುದುರೆ ಬಂದದ್ದು, ದಾರಿ ಕೇಳಿದ್ದು, ತಾನು ಹೇಳಿದ್ದು. ಅಲ್ಲಿಗೆ ನಿಲ್ಲಿಸಿದ. ನಿಲ್ಲಿಸಿದರೆ ಸಾಲದು ಎಂದು ಗೊತ್ತಾಗಿ ಉಳಿದದ್ದನ್ನೂ ಹೇಳಿದ. "ಒಬ್ಬನೇ ಇರ್ತಾನೆ ಅಂದೆ. ಅದನ್ನ ಅವರು ಕೇಳಿರ್ಲಿಲ್ಲ."

ಐಸಮ್ ಅವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಬಡಿದ. ತಿರುಗಿಸಿಟ್ಟ ಕನ್ನಡಿ ಅಲುಗಾಡಿತು. ಹೊಡೆಯಲಿ ಎಂದುಕೊಂಡ ಓಬೆಡ್; ಹೊಡೆದರೆ ಒಳ್ಳೆಯದು, ಹೊಡೆದರೆ ಎಲ್ಲೋ ಒಂದು ಕಡೆ ಇದು ಮುಗಿಯುತ್ತದೆ.

"ಬಿಡು ಐಸಮ್," ಎಂದಳು ವೈನಿ. "ಕೈ ಮುರಿದ್ರೆ ಪೆಟ್ಟಿಗೆ ಯಾರು ಮಾಡ್ತಾರೆ?" ಅವಳ ದನಿ ಎತ್ತರವಾಗಿರಲಿಲ್ಲ. ಸಂತೆಯಲ್ಲಿ ಬಟ್ಟೆಯ ಬೆಲೆ ಕೇಳುವ ಹಾಗೆ ಕೇಳಿದಳು: "ಅವರು ಬಂದಾಗ ಹೊತ್ತು ಎಷ್ಟಾಗಿತ್ತು?"

"ಬಿಸಿಲು ಚಪ್ಪರದ ಕಂಬದ ಬುಡಕ್ಕೆ ಬಂದಿತ್ತು."

"ನಿನ್ನ ಮನೆಯಿಂದ ಕಡವು ಎಷ್ಟು ದೂರ?"

"ಹೊಲ ಅಡ್ಡ ಹಾದ್ರೆ ಅರ್ಧ ಮೈಲಿ."

"ಕಾಲು ನೋವೇನಾದ್ರೂ ಇತ್ತಾ ನಿನಗೆ?"

"ಇಲ್ಲ."

"ಇಲ್ಲ," ಎಂದು ಅವಳೂ ಹೇಳಿದಳು. ಆಮೇಲೆ ಮೂಲೆಯಲ್ಲಿದ್ದ ಉದ್ದನೆಯ ಬಿದಿರುಕೋಲನ್ನು, ಮಗ ಮೀನು ಹಿಡಿಯಲು ಇಟ್ಟುಕೊಂಡದ್ದನ್ನು, ತೆಗೆದು ಅವನ ಕೈಗೆ ಕೊಟ್ಟಳು. "ಈಗ ಅಳಿ. ನನ್ನ ಕಣ್ಣೆದುರು ಅಳಿ."

ಟೈಟಸ್‌ನನ್ನು ಮತ್ತೆ ಬೆಂಚಿನ ಮೇಲೆ ಮಲಗಿಸಿದ್ದರು. ಓಬೆಡ್ ಕೋಲಿನ ಒಂದು ತುದಿಯನ್ನು ಹಿಮ್ಮಡಿಗೆ ತಾಗಿಸಿದ. ಬೆರಳಿಗೆ ಚರ್ಮ ತಾಗಿತು. ಎಷ್ಟು ಹೆಣ ಮುಟ್ಟಿದ ಬೆರಳುಗಳು, ತಣ್ಣಗಿರುವುದು ಅವಕ್ಕೆ ಹೊಸದಲ್ಲ. ಕಣಕಾಲು, ಮೊಣಕಾಲು, ತೊಡೆ, ಸೊಂಟ. ಮೇಲೆ ಮೇಲೆ ಬರುತ್ತ ಅವನು ಕೊನೆಗೆ ಮುಖಕ್ಕೆ ಬಂದ, ಬೇರೆ ದಾರಿಯಿರಲಿಲ್ಲ. ಅಗಲವಾದ ಹಣೆ. ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ. ತೊಟ್ಟಿಲಿನ ಅಂಚಿಗೆ ಬಿದ್ದು ಆದದ್ದು, ಆವತ್ತು ತಾನೇ ಆ ಅಂಚನ್ನು ಕೀಸಿ ದುಂಡಗೆ ಮಾಡಿಕೊಟ್ಟಿದ್ದ. ಬಾಯಿಯ ಒಂದು ಕೊನೆ ಮಾತ್ರ ಸ್ವಲ್ಪ ಮೇಲೆದ್ದಿತ್ತು. ಬೇಜಾರಾಯ್ತಾ ಮಾವ? ಓಬೆಡ್ ನೆತ್ತಿಯ ಬಳಿ ಚಾಕುವಿನಿಂದ ಗುರುತು ಹಾಕಿ ಕೋಲನ್ನು ಕತ್ತರಿಸಿದ. ಆಗ ಅವನಿಗೆ ಅಳು ಬಂತು. ವೈನಿ ಅದನ್ನು ನೋಡಿ ಮುಖ ತಿರುಗಿಸಿದಳು. ಆ ಅಳುವಿಗೆ ಈ ಮನೆಯಲ್ಲಿ ಜಾಗವಿರಲಿಲ್ಲ.

"ಇಷ್ಟುದ್ದದ ಹಲಗೆ ಇದೆಯಾ ನಿನ್ನ ಹತ್ರ?"

"ಸೈಪ್ರಸ್ ಹಲಗೆ ಇದೆ. ನನ್ನ ಪೆಟ್ಟಿಗೆಗೆ ಅಂತ ಅಟ್ಟದ ಮೇಲೆ ಇಟ್ಕೊಂಡಿದ್ದೆ. ಕೊಯ್ದಿಲ್ಲ ಇನ್ನೂ."

"ತಾ. ಇಲ್ಲೇ ಕೂತು ಮೊಳೆ ಹೊಡಿ. ಬಿಸಿಲು ನೆತ್ತಿಗೆ ಬರೋದ್ರೊಳಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಈ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಹೂಳ್ತೀನಿ, ನಿನಗೆ ಕಾಯೋದಿಲ್ಲ." ಅವಳು ಪೆಟ್ಟಿಗೆಯನ್ನು ಕಾಲಿನಿಂದ ಬಾಗಿಲ ಕಡೆ ತಳ್ಳಿದಳು. ಗಿಡ್ಡ ಕಡ್ಡಿಯನ್ನು ಅದರೊಳಗೆ ಎಸೆದಳು. "ಇದನ್ನೂ ಹೊತ್ಕೊಂಡು ಹೋಗು. ನಿನ್ನ ಅಳತೆಗೆ ಸರಿಯಾಗಿದೆ. ನಿನ್ನೆ ಓಡ್ಲಿಲ್ಲ ನೀನು, ಓಬೆಡ್. ಇವತ್ತಾದ್ರೂ ಓಡು."

"ಬರ್ತೀನಿ," ಎಂದ ಓಬೆಡ್. "ಸತ್ತರೂ ಬರ್ತೀನಿ."

ಐಸಮ್ ಪೆಟ್ಟಿಗೆಗೆ ಕೈ ಕೊಡಲಿಲ್ಲ. ಓಬೆಡ್ ಅದನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಎರಡು ಕೈಯಿಂದ ಅಂಚು ಹಿಡಿದು ನಡೆದ. ಟೋಪಿ ಪೆಟ್ಟಿಗೆಯಡಿ ಜಜ್ಜಿಹೋಗಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈಯಿರಲಿಲ್ಲ. ಆದರೂ ಎದೆಯೊಳಗೆ ಒಂದು ವಿಚಿತ್ರವಾದ ಹಗುರ. ಹೇಳಿಬಿಟ್ಟಿದ್ದ. ಇನ್ನು ಹಲಗೆ ಇಳಿಸುವುದು, ಓಡುವುದು, ತೊರೆಯ ದಾರಿ ಹಿಡಿದರೆ ಬೇಗ. ಅವಳ ಮುಂದೆ ಹಲಗೆಗಳನ್ನು ಇಳಿಸಿ ನಿಂತಾಗ ಅವಳೇನೂ ಹೇಳದಿದ್ದರೂ ಸರಿ, ಒಂದು ಸಲ ತಲೆಯಾಡಿಸಿದರೆ ಸಾಕು. ಆ ಒಂದು ತಲೆಯಾಡಿಸುವಿಕೆಗಾಗಿ ಅವನು ಹೆಜ್ಜೆ ಜೋರು ಮಾಡಿದ. ಚಪ್ಪರಕ್ಕೆ ಇನ್ನು ಕೂಗಳತೆ ಇರುವಾಗ ಎದುರಿಗೆ ಗೊರಸಿನ ಸದ್ದು ಕೇಳಿತು.

ಹಾರ್ಡ್‌ವಿಕ್ ಒಬ್ಬನೇ ಇದ್ದ. ತೊಡೆಯ ಮೇಲೆ ಅಡ್ಡಲಾಗಿ ಬಂದೂಕು.

"ಏನಪ್ಪಾ ಮುದುಕ, ಪೆಟ್ಟಿಗೆ ಅಲ್ಲಿಂದ ಇಲ್ಲಿಗೆ ಬರ್ತಾ ಇದೆ? ಹೆಣ ಪೆಟ್ಟಿಗೆ ಬೇಡ ಅಂತಾ?"

ಕೈಗಳು ಮೇಲೆ ಇದ್ದವು. ಟೋಪಿ ತೆಗೆಯುವಂತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಟೋಪಿ ತಲೆಯ ಮೇಲಿಟ್ಟುಕೊಂಡು ಧಣಿಯ ಮುಖ ನೋಡುತ್ತಿದ್ದ. ಎಂಥ ಸಣ್ಣ ಮುಖ, ಮೂಗಿನ ತುದಿಯಲ್ಲಿ ಸಿಪ್ಪೆ ಎದ್ದಿದೆ. ಹೀಗೇ ನಡೆದುಬಿಡಬಹುದು, ಉತ್ತರ ಕೊಡದೆ. ಟೈಟಸ್ ಹಾಗೇ ಮಾಡುತ್ತಿದ್ದ. ಕಿವಿಯಲ್ಲಿ ನಗು ಕೇಳಿಸಿತು: ಹೋಗು ಮಾವ, ಹೋಗಿಬಿಡು. ಆದರೆ ಹಾಗೆ ಹೋದರೆ ಇವನಿಗೆ ಅನುಮಾನ ಬರುತ್ತದೆ. ಹಿಂದೆಯೇ ಬರುತ್ತಾನೆ, ಇಲ್ಲವೇ ಇನ್ನಿಬ್ಬರನ್ನು ಕರೆದುಕೊಂಡು ನೇರ ವೈನಿಯ ಮನೆಗೆ ಹೋಗುತ್ತಾನೆ. ಐವತ್ತೆರಡು ಜನ. ಕಾಡೊಳಗಿಂದ ಒಬ್ಬೊಬ್ಬರೇ ಈಗಾಗಲೇ ಹೊರಟಿರಬೇಕು.

ಓಬೆಡ್ ಪೆಟ್ಟಿಗೆಯನ್ನು ನೆಲಕ್ಕೆ ಇಳಿಸಿದ. ಜಜ್ಜಿಹೋದ ಟೋಪಿಯನ್ನು ತೆಗೆದು ಹೊಟ್ಟೆಗೆ ಒತ್ತಿಕೊಂಡ. ಈ ಸಲ ಕೈ ಏಳುವುದು, ಬೆರಳು ಅಂಚು ಹಿಡಿಯುವುದು, ತಲೆಗೆ ಬಿಸಿಲು ತಾಗುವುದು, ಎಲ್ಲ ಅವನಿಗೆ ತಿಳಿಯಿತು.

"ಗ್ರಹಚಾರ ಧಣಿ. ಗಿಡ್ಡ ಮಾಡಿಬಿಟ್ಟೆ. ಕಣ್ಣು ಕಾಣಲ್ಲ ಈಗೀಗ. ಬೇರೆ ಮಾಡ್ಬೇಕು."

ಹಾರ್ಡ್‌ವಿಕ್ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದ. ನಕ್ಕ. "ಹೂಳೋದು ಯಾವಾಗ?"

"ನಾಳೆ ಧಣಿ. ಚರ್ಚಿನ ಹತ್ರ."

"ಈ ಸೆಕೇಲಿ ನಾಳೆವರೆಗೆ ಇಡ್ತೀರಾ?"

"ಪಾದ್ರಿಗಳು ಪೇಟೆಯಿಂದ ಬರ್ಬೇಕಲ್ಲ ಧಣಿ." ಅಷ್ಟು ಸಾಕಾಗಿತ್ತು. ಆದರೆ ಓಬೆಡ್ ಇನ್ನೊಂದು ಮಾತು ಸೇರಿಸಿದ, ಯಾರೂ ಕೇಳದಿದ್ದರೂ. "ಹೆಸರು ಬರೆಸಿದೋರೆಲ್ಲ ನಾಳೇನೇ ಬರೋದು, ಧಣಿ."

ಹಾರ್ಡ್‌ವಿಕ್‌ನ ಮುಖದಲ್ಲಿ ತೃಪ್ತಿ ಕಂಡಿತು. "ನೀನೊಬ್ಬ ಹಳೇ ಕಾಲದ ಮನುಷ್ಯ ಉಳಿದಿದ್ದೀಯ ನೋಡು," ಎಂದ. ಇನ್ನು ಹೋಗುತ್ತಾನೆ ಎಂದು ಓಬೆಡ್ ಕಾದ. ಅವನು ಹೋಗಲಿಲ್ಲ. "ನಡಿ, ನಿನ್ನ ಚಪ್ಪರದ ನೆರಳಲ್ಲಿ ಕುದುರೆಗೆ ನೀರು ಕೊಟ್ಟು ಹೋಗ್ತೀನಿ. ನೀನು ಕೆಲಸ ಮಾಡೋದು ನೋಡಿ ಎಷ್ಟು ದಿನ ಆಯ್ತು," ಎಂದು ಕುದುರೆಯನ್ನು ಚಪ್ಪರದ ಕಡೆಗೆ ತಿರುಗಿಸಿದ.

ಕುದುರೆ ನೀರು ಕುಡಿಯಿತು. ಹಾರ್ಡ್‌ವಿಕ್ ಮರದ ದಿಮ್ಮಿಯ ಮೇಲೆ ಕೂತು ಬಂದೂಕನ್ನು ಕಂಬಕ್ಕೆ ಒರಗಿಸಿ ಪೈಪು ತುಂಬಿದ. ಓಬೆಡ್ ಅಟ್ಟದಿಂದ ಸೈಪ್ರಸ್ ಹಲಗೆಗಳನ್ನು ಇಳಿಸಿದ. ಈಗ ಇವನ್ನು ಹೊತ್ತು ಹೊರಟರೆ ಎಲ್ಲಿಗೆ ಎಂದು ಕೇಳುತ್ತಾನೆ. ಎಲ್ಲಿಗೂ ಹೋಗದಿದ್ದರೆ ಇಲ್ಲೇ ಇರುತ್ತಾನೆ, ಇಲ್ಲಿದ್ದಷ್ಟು ಹೊತ್ತು ಅಲ್ಲಿರುವುದಿಲ್ಲ. ಬಿಸಿಲು ಕಂಬದ ಬುಡ ದಾಟಿ ಚಪ್ಪರದೊಳಗೆ ಬರುತ್ತಿತ್ತು. ಹೋಗಬೇಕು. ಹೋಗಬಾರದು. ಓಬೆಡ್ ಹಲಗೆಯನ್ನು ಕೆಲಸದ ಮೇಜಿನ ಮೇಲಿಟ್ಟು ಕೀಸುಳಿ ಹಿಡಿದ. ನಿನ್ನೆಯ ಹಾಗೆಯೇ, ನಿನ್ನೆಯ ಜಾಗದಲ್ಲೇ, ನಿನ್ನೆಯ ಮರದ ಸುರುಳಿಗಳ ಮೇಲೆ ನಿಂತು. ಹಾರ್ಡ್‌ವಿಕ್ ತಾನು ಚಿಕ್ಕವನಿದ್ದಾಗಿನ ಮರದ ಕುದುರೆಯ ಸುದ್ದಿ ತೆಗೆದ. "ಬಾಲ ಮುರಿದಾಗ ಎಷ್ಟು ಅತ್ತಿದ್ದೆ ನಾನು. ನೆನಪಿದೆಯಾ?" "ನೆನಪಿದೆ ಧಣಿ." "ನೀನು ಬೇರೆ ಮಾಡಿಕೊಟ್ಟೆ." "ಹೌದು ಧಣಿ." ಸೈಪ್ರಸ್ ಗಟ್ಟಿಮರವಲ್ಲ, ಕೀಸಿದರೆ ಸಲೀಸಾಗಿ ಬರುತ್ತದೆ, ಅವನು ಬೇಕೆಂದೇ ನಿಧಾನ ಮಾಡಿದ. ನೆರಳು ಕಾಲಡಿಗೆ ಬಂತು. ಈಗ ಅವಳು ಬಾಗಿಲಲ್ಲಿ ನಿಂತು ತೊರೆಯ ದಾರಿ ನೋಡುತ್ತಿರುತ್ತಾಳೆ. ಈಗ ಐಸಮ್ ಏನೋ ಹೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಬರ್ತೀನಿ ಎಂದಿದ್ದೆ, ಸತ್ತರೂ ಬರ್ತೀನಿ ಎಂದಿದ್ದೆ. ಆಮೇಲೆ ಹೋಗಿ ನಿಜ ಹೇಳಿದರೆ ನಂಬುತ್ತಾಳೆಯೇ? ಹಾರ್ಡ್‌ವಿಕ್ ಚಪ್ಪರದಲ್ಲಿ ಕೂತು ಪೈಪು ಸೇದುತ್ತಿದ್ದದ್ದನ್ನು ಯಾರಾದರೂ ಕಂಡಿರುತ್ತಾರೆ. ಇವತ್ತೂ ಅದೇ ಧಣಿಯ ಜೊತೆ ಕೂತಿದ್ದ ಎಂದು ಹೇಳುತ್ತಾರೆ. ಬರಿದಲೆಯಲ್ಲಿ, ಟೋಪಿ ನೆಲದ ಮೇಲಿಟ್ಟು.

ಆಗ ಹತ್ತಿ ಹೊಲದ ಆಚೆ, ವೈನಿಯ ಮನೆಯ ಕಡೆಯಿಂದ ಒಂದು ಸದ್ದು ಬಂತು. ಕಬ್ಬಿಣ ಮರದಿಂದ ಬಿಡಿಸಿಕೊಳ್ಳುವಾಗ ಕೀರಲು ಬರುವ ಸದ್ದು. ಬಡಗಿಯ ಕಿವಿಗೆ ಅದೇನೆಂದು ಹೇಳಬೇಕಾಗಿರಲಿಲ್ಲ. ಬಾಗಿಲಿನ ತಿರುಗಣಿಯ ಮೊಳೆ; ಮೊದಲನೆಯದು ಬಂತು, ಎರಡನೆಯದು ತುಕ್ಕು ಹಿಡಿದಿತ್ತು, ಬರಲು ಹಟಮಾಡುತ್ತಿತ್ತು.

ಹಾರ್ಡ್‌ವಿಕ್ ಪೈಪನ್ನು ಬಾಯಿಂದ ತೆಗೆದು ತಲೆ ಎತ್ತಿದ. "ಏನದು ಸದ್ದು?"

"ಇದೇ ಧಣಿ," ಎಂದ ಓಬೆಡ್. "ಕೀಸುಳಿ ಬಾಯಿ ಮೊಂಡಾಗಿದೆ." ಎರಡೂ ಕೈಯ ಬಲ ಹಾಕಿ, ಕೆಲಸ ಕಲಿತ ದಿನದಿಂದ ಯಾವತ್ತೂ ಮಾಡದ ಹಾಗೆ, ಮರದ ಎಳೆಗೆ ಎದುರಾಗಿ ಕೀಸುಳಿಯನ್ನು ಒತ್ತಿದ. ತನಗೆಂದು ಇಟ್ಟುಕೊಂಡಿದ್ದ ಹಲಗೆ ಸೀಳುಸೀಳಾಗಿ ಎದ್ದು ಕಿರುಚಿತು. ಅವನು ನಿಲ್ಲಿಸಲಿಲ್ಲ. ಆಚೆಯ ಮೊಳೆಗಳೆಲ್ಲ ಬಂದು ಮುಗಿಯುವವರೆಗೂ, ಮುಗಿದು ಎಷ್ಟೋ ಹೊತ್ತಾದ ಮೇಲೂ, ಕೀಸುತ್ತಲೇ ಇದ್ದ.